ಎಡೆಗಿಟ್ಟ ಸೀರೆ

ಹತ್ತಿಯ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದರೆ ತುದಿ ಕೂದಲಿನಷ್ಟು ಚೂಪಾಗುತ್ತದೆ. ಆ ತುದಿಯಿಂದ ಚರ್ಮವನ್ನು ಮುಟ್ಟಬೇಕು, ಸವರಬಾರದು. ಸವರಿದರೆ ಪಕ್ಕದ ಚರ್ಮಕ್ಕೆ ತಿಳಿದುಬಿಡುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಕಣ್ಣು ಮುಚ್ಚಿ ಕುಳಿತವರು ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಚೌಡಮ್ಮನ ತೋಳಿನ ಮೇಲೆ ಮುಟ್ಟಿದೆ, ತೋರಿಸಿದಳು. ಮೊಣಕೈ ಹತ್ತಿರ ಮುಟ್ಟಿದೆ, ತೋರಿಸಿದಳು. ಕಿರುಬೆರಳ ಮೇಲೆ ಮುಟ್ಟಿದೆ. ಆಕೆ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ಮತ್ತೆ ಮುಟ್ಟಿದೆ.

"ಯಾಕವ್ವ ಸುಮ್ಕಾದೆ? ಮುಟ್ಟು," ಅಂದಳು.

ನಾನು ಕುಷ್ಠರೋಗ ನಿಯಂತ್ರಣದ ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ, ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ. ಕೊಳ್ಳೇಗಾಲ, ಹನೂರು, ಯಳಂದೂರು ನಮ್ಮ ಘಟಕದ ಓಡಾಟದ ಊರುಗಳು. ಮನೆಮನೆಗೆ ಹೋಗಿ ಮನೆಯವರೆಲ್ಲರ ಮೈ ನೋಡಬೇಕು. ಹೆಂಗಸರ ಮೈ ನೋಡಲು ಹೆಂಗಸೇ ಬೇಕು. ನನ್ನನ್ನು ತೆಗೆದುಕೊಂಡದ್ದು ಅದಕ್ಕಾಗಿ. ಹಳೆಯ ರೋಗಿಗಳ ಚೀಟಿಗಳೆಲ್ಲ ತಮಿಳಿನಲ್ಲಿದ್ದವು, ಕೊಳ್ಳೇಗಾಲ ತಾಲ್ಲೂಕು ಇನ್ನೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗ ಬರೆದವು. ಅವನ್ನು ಅಟೆಂಡರ್ ಮಾದಪ್ಪ ಓದಿ ಹೇಳುತ್ತಿದ್ದ. ಅವನು ಹನೂರಿನವನು, ತಮಿಳು ಕನ್ನಡ ಎರಡರಲ್ಲೂ ಜಗಳ ಆಡಬಲ್ಲವನು.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ನನ್ನ ಬಳಿ ಬಂದು, ಆಗ ಹೇಗಿತ್ತು ಎಂದು ಕೇಳುತ್ತಾರೆ. ಔಷಧಿಯ ಕಥೆ ಅವರ ಪುಸ್ತಕದಲ್ಲೇ ಇದೆ. ನನಗಿಂತ ಹಿಂದಿನವರು ಎಣ್ಣೆಯ ಇಂಜೆಕ್ಷನ್ ಚುಚ್ಚುತ್ತಿದ್ದರು. ನಮ್ಮ ಕಾಲಕ್ಕೆ ಒಂದು ಬಿಳಿ ಮಾತ್ರೆ ಬಂತು, ಅದನ್ನು ವರ್ಷಗಟ್ಟಲೆ ನುಂಗಬೇಕಿತ್ತು. ಈಗ ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟು ಬೇಗ ಮುಗಿಸುತ್ತಾರೆ. ರೋಗ ಹೋದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಆ ಪುಸ್ತಕದಲ್ಲಿ ಇಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜೀಪಿನ ವಿಷಯ ಹೇಳಬೇಕು. ನಾನು ಸೇರಿದ ಹೊಸದರಲ್ಲಿ ಯಳಂದೂರಿನಲ್ಲಿ ಬಿಸಿಲು ತಾಳಲಾರದೆ ಒಂದು ಮನೆಯ ಮುಂದೆ ಜೀಪು ನಿಲ್ಲಿಸಿ, ನೀರು ಕೇಳಿ ಕುಡಿದೆವು. ಜೀಪಿನ ಬಾಗಿಲ ಮೇಲೆ ಘಟಕದ ಹೆಸರು ದಪ್ಪ ಅಕ್ಷರದಲ್ಲಿತ್ತು. ಕೆಲವು ವಾರ ಕಳೆದು ಆ ಮನೆಯ ಯಜಮಾನ ನಮ್ಮ ಡಾಕ್ಟರನ್ನು ಹುಡುಕಿಕೊಂಡು ಬಂದ.

"ನೀರು ಕೊಟ್ಟುದ್ದೇ ತಪ್ಪಾಯ್ತು ಸಾ. ಮಗನ್ಗ ಎಣ್ಣು ಕೊಡಕ್ಕ ಬತ್ತಿದ್ದೋರು ಬೀದಿ ತುದೀಲೇ ತಿರಿಕಂಡು ಓದ್ರು."

ಡಾಕ್ಟರು ನೊಂದುಕೊಂಡರು. ನಿವೃತ್ತಿಗೆ ಹತ್ತಿರವಾಗಿದ್ದ, ಸಿಟ್ಟು ಬಾರದ ಮನುಷ್ಯ. ನಿಮ್ಮ ಮನೆಯಲ್ಲಿ ಯಾರಿಗೂ ರೋಗವಿಲ್ಲವೆಂದು ಬರೆದುಕೊಡುತ್ತೇನೆ ಅಂದರು.

"ಬ್ಯಾಡಿ ಸಾ. ನೀವ್ ಬರ್ದುಕೊಟ್ರೆ ಇಲ್ದೇ ಇರೋ ರೋಗ ಬಂದ್ಬುಡ್ತದ," ಅಂದು ಅವನು ಎದ್ದುಹೋದ.

ಅಂದಿನಿಂದ ಜೀಪು ಊರ ಹೊರಗೇ ನಿಲ್ಲುತ್ತಿತ್ತು. ನಾವು ನಡೆದು ಹೋಗುತ್ತಿದ್ದೆವು.

ಕೊಳ್ಳೇಗಾಲದ ನೇಯ್ಗೆಯವರ ಬೀದಿಗೂ ಹಾಗೆ ನಡೆದೇ ಹೋದದ್ದು. ಚೌಡಮ್ಮನ ಮನೆಯಲ್ಲಿ ನಾಲ್ಕು ಜನ. ಗಂಡ ಮಲ್ಲಪ್ಪ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ. ಅತ್ತೆ ಸಿದ್ದಮ್ಮ, ಮಗಳು ಗೌರಿ. ಚೌಡಮ್ಮನ ಕೆಲಸ ಕೆಚ್ಚುವುದು: ಮಗ್ಗದಲ್ಲಿ ಉದ್ದಕ್ಕೆ ಬಿಗಿದ, ಮುಗಿಯುತ್ತ ಬಂದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿದ ಬೆರಳ ತುದಿಯಲ್ಲಿ ಹೊಸೆದು ಸೇರಿಸುವುದು. ಸಾವಿರಾರು ಎಳೆಗಳು. ಕಣ್ಣಿಗಿಂತ ಬೆರಳಿಗೇ ಅದು ಗೊತ್ತಾಗಬೇಕು.

"ಇವ್ಳು ಕೆಚ್ಚಿದ ಎಳೆ ನಿಲ್ತಾನೇ ಇಲ್ಲ ಕನವ್ವ," ಎಂದು ಸಿದ್ದಮ್ಮ ನನ್ನೆದುರಿಗೇ ದೂರಿದಳು. "ಮಗ್ಗಕ್ಕ ಆಕುದ್ರ ಪಟಪಟ ಬುಟ್ಕತದ. ಮನ್ಸೆಲ್ಲಾ ಎಲ್ಲಿ ಮಡಗಿರ್ತಾಳೋ."

ನಾನು ಚೌಡಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹತ್ತಿಯ ಪರೀಕ್ಷೆ ಮಾಡಿದೆ. ಕಿರುಬೆರಳು, ಅದರ ಪಕ್ಕದ ಬೆರಳು ಎರಡಕ್ಕೂ ಏನೂ ತಿಳಿಯುತ್ತಿರಲಿಲ್ಲ. ಮೊಣಕೈ ಹಿಂದೆ ನರ ಹಗ್ಗದಂತೆ ದಪ್ಪವಾಗಿತ್ತು. ಕಿರುಬೆರಳು ಒಳಕ್ಕೆ ಮಡಚಿಕೊಳ್ಳಲು ಶುರುವಾಗಿತ್ತು. ರೋಗದ ಹೆಸರು ಹೇಳಿದೆ. ಇದು ಇನ್ನೊಬ್ಬರಿಗೆ ಹರಡದ ಬಗೆ, ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಳ್ಳಬಹುದು ಅಂದೆ. ಇದೆಲ್ಲ ನಿಜ.

"ಎಷ್ಟ್ ವರ್ಸ?"

"ಮೂರು. ನಾಲ್ಕೂ ಆಗಬಹುದು."

"ಬೆರಳು?"

"ಮಡಚಿದ್ದು ಹಾಗೇ ಇರುತ್ತದೆ. ಜೋಪಾನ ಮಾಡಿದರೆ ಹೆಚ್ಚಾಗುವುದಿಲ್ಲ."

ಆಕೆ ಬೆರಳನ್ನು ಇನ್ನೊಂದು ಕೈಯಿಂದ ನೆಟ್ಟಗೆ ಮಾಡಿ ನೋಡಿದಳು. ಬಿಟ್ಟರೆ ಮತ್ತೆ ಮಡಚಿಕೊಂಡಿತು. "ಈ ಬೆರಳ ನೋಡುದ್ರ ನಮ್ಮ ಬೀದೀಲಿ ಮಕ್ಕಳೂ ಯೋಳ್ಬುಡ್ತವೆ, ಡಾಕ್ಟ್ರಮ್ಮ. ಬರೋ ಮಾಗೀಲಿ ಗೌರೀನ ನೋಡಕ್ಕ ಬತ್ತಾರ," ಅಂದಳು. ಅಷ್ಟೇ. ಅಳಲಿಲ್ಲ.

ಮುಂದಿನ ವಾರ ಮಾತ್ರೆಗೆ ಬರಲಿಲ್ಲ. ಅದರ ಮುಂದಿನ ವಾರ ಸತ್ತೇಗಾಲದ ಕಡೆಯಿಂದ ಬಂದ ರೋಗಿಯೊಬ್ಬ ಕಾವೇರಿಯ ದಡದಲ್ಲಿ ಒಂದು ಸೀರೆ ಸಿಕ್ಕಿತೆಂದು ಹೇಳಿದ. ಕೊಳ್ಳೇಗಾಲದಿಂದ ಮನೆಯವರೇ ಬಂದು ಗುರುತಿಸಿದರಂತೆ. ದೇಹ ಸಿಗಲಿಲ್ಲ. ಸಿಗದಿದ್ದರೂ ಮನೆಯವರು ಕರ್ಮ ಮಾಡಿ ಮುಗಿಸಿದರು. ಕಾಲು ಜಾರಿ ಹೊಳೆಗೆ ಬಿದ್ದಳು ಎಂದು ಬೀದಿ ನಂಬಿತು. ನಾನು ಹಾಗೆ ನಂಬಲಿಲ್ಲ. ಬೇಕೆಂದೇ ಬಿದ್ದಳು ಎಂದುಕೊಂಡೆ. ಡಾಕ್ಟರಿಗೆ ಮಾತ್ರ ಹೇಳಿದೆ.  ಮರುವರ್ಷ ಗೌರಿಗೆ ಯಳಂದೂರಿನ ನೇಯ್ಗೆಯವರ ಮನೆಗೆ ಮದುವೆಯಾಯಿತು.

ಚೌಡಮ್ಮ ಬದುಕಿರುವುದು ತಿಳಿದದ್ದು ಆ ಮದುವೆಯಾದ ಕೆಲವು ತಿಂಗಳಿಗೆ. ಸೌದೆಯವರು ಹೇಳಿದ್ದನ್ನು ಮಾದಪ್ಪ ಕೇಳಿಕೊಂಡು ಬಂದ.

"ಅಮ್ಮಾವ್ರೆ, ಒಡೆಯರಪಾಳ್ಯದಿಂದಾಚ್ಗ ಕಾಡ್ನಾಗ ಒಬ್ಳು ಎಂಗ್ಸು ಅವ್ಳಂತೆ. ಒಂಟಿ. ಕೈಬೆರಳು ಮಡ್ಚದಂತೆ. ಅಳ್ಳದ ಅತ್ರ ಒಂದ್ ಕಲ್ಲದ, ಅದ್ರ ಮ್ಯಾಲ ನೆಲ್ಲಿಕಾಯೋ ಪೊರಕೆ ಉಲ್ಲೋ ಮಡಗಿರ್ತಾಳಂತೆ. ಇವ್ರು ರಾಗಿ ಮಡಗಿ ಅದ ತಕಂಡ್ ಬತ್ತಾರಂತೆ. ಮಕ ತೋರ್ಸಕಿಲ್ವಂತೆ."

"ದೆವ್ವ ಅನ್ನಲಿಲ್ಲವಾ ಅವರು?"

"ದೆವ್ವ ರಾಗಿ ಕೇಳ್ತದಾ ಅಮ್ಮಾವ್ರೆ?" ಅಂದ.

ನಾವಿಬ್ಬರೂ ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಅಲ್ಲಿ ತಲುಪಿದೆವು. ಬಂಡೆಯೊಂದಕ್ಕೆ ಒರಗಿಸಿ ಕಟ್ಟಿದ ಗುಡಿಸಲು, ಮೇಲೆ ಹುಲ್ಲು. ಮುಂದೆ ಒಂದು ಕೋಳಿ. ನಮ್ಮನ್ನು ಕಂಡು ಬಂಡೆಯ ಹಿಂದೆ ಸರಿದ ಹೆಂಗಸು ನನ್ನ ದನಿ ಕೇಳಿ ಈಚೆ ಬಂದಳು. ಸುತ್ತಿಕೊಂಡದ್ದು ಹರಕು ಬಟ್ಟೆ, ಕೂದಲು ಜಡೆಗಟ್ಟಿತ್ತು. ಮೊದಲ ಮಾತು ಬಾಯಿಂದ ಹೊರಡಲು ಹೊತ್ತು ಹಿಡಿಯಿತು. ಗಂಟಲು ಅಭ್ಯಾಸ ತಪ್ಪಿತ್ತು.

"ಗೌರಿ?"

"ಮದುವೆ ಆಯಿತು. ಯಳಂದೂರಿಗೆ ಕೊಟ್ಟಿದ್ದಾರೆ."

ಆಕೆ ಅಲ್ಲೇ ಕುಳಿತಳು. "ಅಂಗಾರ ನಾ ಸತ್ತುದ್ದು ಉಪ್ಯೋಗಕ್ಕ ಬಂತು ಬುಡು," ಅಂದಳು.

ಆಮೇಲೆ ಹೇಳಿದಳು. ರೋಗದ ತಾಯಿಯಿದ್ದರೆ ಮಗಳನ್ನು ಯಾರೂ ಒಯ್ಯುವುದಿಲ್ಲ, ಹೊಳೆಗೆ ಬಿದ್ದ ತಾಯಿಯಿದ್ದರೆ ಮರುಗಿ ಒಯ್ಯುತ್ತಾರೆ. ಹಾಗೆ ಲೆಕ್ಕ ಹಾಕಿ, ಸೀರೆಯನ್ನು ದಡದಲ್ಲಿಟ್ಟು, ಗಂಟಿನಲ್ಲಿ ತಂದಿದ್ದ ಹಳೆಯ ಬಟ್ಟೆ ಸುತ್ತಿಕೊಂಡು, ಊರುಗಳನ್ನು ಬಳಸಿ ನಡೆದು ಈ ಕಾಡು ಸೇರಿದ್ದಳು.

ಅಂದಿನಿಂದ ನಾನು ಪ್ರತಿ ತಿಂಗಳು ಮಾತ್ರೆ ತೆಗೆದುಕೊಂಡು ಹೋದೆ. ಡಾಕ್ಟರು ಒಪ್ಪಿದರು, ಮಾದಪ್ಪ ಬಾಯಿ ಬಿಡಲಿಲ್ಲ. ಮುಟ್ಟಿದ್ದು ತಿಳಿಯದ ಕೈಯನ್ನು ಕಾಯುವುದು ಹೇಗೆಂದು ಕಲಿಸಿದೆ. ಪಾತ್ರೆಯ ಹಿಡಿಗೆ ಬಟ್ಟೆ ಸುತ್ತಬೇಕು, ದಿನವೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳಬೇಕು, ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚಬೇಕು. ಆದರೂ ಒಮ್ಮೆ ಹೋದಾಗ ಉಂಗುರದ ಬೆರಳು ಸುಟ್ಟುಹೋಗಿತ್ತು. "ವಾಸ್ನ ಬಂತು ಕನವ್ವ. ಏನಪ್ಪಾ ಸುಡ್ತಾ ಅದ ಅಂತ ಸುತ್ತ ನೋಡ್ದಿ. ನೋಡುದ್ರ ನಾನೇ," ಎಂದು ತೋರಿಸಿದಳು.

ಕಾಡಿನಲ್ಲಿ ಒಬ್ಬರೇ ಇರುವುದನ್ನು ಶಾಂತಿ ಎಂದು ಬರೆದವರನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಮೆಚ್ಚಿಯೂ ಇದ್ದೆ. ಕೊಳ್ಳೇಗಾಲದಲ್ಲಿ ನಾನೂ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ಅದು ನಾನು ಬಯಸಿ ಪಡೆದದ್ದು, ಬೇಡವೆನಿಸಿದ ದಿನ ಬಾಗಿಲು ತೆರೆದರೆ ಬೀದಿ ಇತ್ತು. ಚೌಡಮ್ಮನಿಗೆ ಕಾಡಿನಲ್ಲಿ ಏನೂ ಸಿಗಲಿಲ್ಲ. ಆನೆ ಬಂದರೆ ಬಂಡೆಯ ಸಂದಿನಲ್ಲಿ ಕೂರುತ್ತಿದ್ದಳು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಇಟ್ಟ ರಾಗಿ ನೆನೆದು ಮೊಳೆಯುತ್ತಿತ್ತು. ಮಾತಿಗೆ ಇದ್ದದ್ದು ಆ ಕೋಳಿ. ಅದಕ್ಕೆ ಅತ್ತೆಮ್ಮ ಎಂದು ಹೆಸರು.

"ಮಡಗಿದ್ದ ಎಲ್ಲಾ ಕೆದಕ್ತದ, ಕೆದಕಿ ಬಯ್ತದ. ಇನ್ನೇನಂತ ಕರೀಲಿ?" ಅನ್ನುತ್ತಿದ್ದಳು.

ಪ್ರತಿ ಸಲವೂ ನಾನು ಹೊರಡುವಾಗ ಒಂದೇ ಪ್ರಶ್ನೆ. "ಇನ್ನೆಷ್ಟ್ ದಿನ ಕೂಸೇ?" ರೋಗ ವಾಸಿಯಾದ ದಿನ ಮನೆಗೆ ಹೋಗುವುದು ಎಂಬುದನ್ನು ಆಕೆ ಬಿಟ್ಟಿರಲಿಲ್ಲ. ಮಗಳ ಮದುವೆಯಾಯಿತು, ಇನ್ನು ತನ್ನಿಂದ ಯಾರಿಗೂ ಕೇಡಿಲ್ಲ. ರೋಗವೂ ಹೋದರೆ ತಾನು ಸತ್ತವಳಾಗಿ ಉಳಿಯಲು ಕಾರಣವೇನು? ನನಗೂ ಹಾಗೇ ಕಂಡಿತು. ಡಾಕ್ಟರು, "ನೋಡಮ್ಮಾ, ಮಾತ್ರೆ ಕೊಡೋದು ನಮ್ಮ ಕೆಲಸದ ಅರ್ಧ. ಮನೆಗೆ ಸೇರಿಸೋದು ಇನ್ನರ್ಧ," ಅನ್ನುತ್ತಿದ್ದರು. ಈ ಎರಡನೆಯ ಅರ್ಧಕ್ಕೆ ನಮಗೆ ಯಾವ ತರಬೇತಿಯೂ ಇರಲಿಲ್ಲ.

ನಾಲ್ಕನೆಯ ವರ್ಷ ಡಾಕ್ಟರೇ ಬೆಟ್ಟ ಹತ್ತಿ ಬಂದು ಪರೀಕ್ಷೆ ಮಾಡಿ ಮಾತ್ರೆ ನಿಲ್ಲಿಸಿದರು. ಗೌರಿ ಬಸುರಿಯೆಂದೂ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆಂದೂ ನನಗೆ ಆಗಲೇ ತಿಳಿದಿತ್ತು. ಹೇಳಿದೆ. ಚೌಡಮ್ಮ ಎದ್ದು ಒಂದೊಂದಾಗಿ ಎಲ್ಲವನ್ನೂ ಮುಗಿಸಿದಳು. ಗುಡಿಸಲಿನ ಹುಲ್ಲು ಕಿತ್ತು ಹಾಕಿದಳು, ಗಳಗಳನ್ನು ಕೆಳಗೆಳೆದಳು. ಮಡಕೆಯನ್ನು ಒಡೆದಳು. ಬೆಂಕಿಗೆ ನೀರು ಸುರಿದಳು.

"ಹಾಗೇ ಇರಲಿ ಬಿಡಿ," ಅಂದೆ.

"ಇದ್ರ ಮನ್ಸು ಇಲ್ಗೇ ಎಳೀತದ," ಅಂದಳು. ಕೋಳಿಯನ್ನು ಮಾದಪ್ಪನ ಕಂಕುಳಿಗೆ ಕೊಟ್ಟಳು. "ಅತ್ತೆಮ್ಮನ ಚೆಂದಾಗಿ ನೋಡ್ಕಳಪ್ಪ."

ಮಾದಪ್ಪನ ಹೆಂಡತಿ ಹನೂರಿನಲ್ಲಿ ಆಕೆಗೆ ಎಣ್ಣೆ ನೀರು ಹಾಕಿ, ತಲೆ ಬಾಚಿ, ತನ್ನದೊಂದು ಸೀರೆ ಉಡಿಸಿ ಕಳಿಸಿದಳು. ಕೆಲವು ದಿನ ಅಲ್ಲೇ ಇದ್ದು ಸುಧಾರಿಸಿಕೊಂಡ ಮೇಲೆ, ಒಂದು ಬೆಳಿಗ್ಗೆ ನಾನು ಆಕೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದೆ. ಆಕೆ ಸೆರಗನ್ನು ಮುಖದ ತನಕ ಎಳೆದುಕೊಂಡಿದ್ದಳು. ಬೀದಿಯಲ್ಲಿ ಮಗ್ಗಗಳ ಸದ್ದು. ಆಕೆಯ ಹೆಜ್ಜೆ ಬೇಗ ಬೇಗ ಬಿತ್ತು.

ಸಿದ್ದಮ್ಮ ಜಗಲಿಯ ಮೇಲೆ ರಾಟೆ ತಿರುಗಿಸುತ್ತ ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ತಲೆಯೆತ್ತಿ ನೋಡಿದಳು. ಕಿರುಚುತ್ತಾಳೆ, ಇಲ್ಲವೇ ಬೀಳುತ್ತಾಳೆ ಎಂದು ನಾನು ಮುಂದೆ ಸರಿದಿದ್ದೆ.

"ಬಂದ್ಯಾ," ಅಂದಳು. ಆಮೇಲೆ, "ಒಳಗ ಬಾ. ಬೀದೀಲಿ ನಿಂತ್ಕಬ್ಯಾಡ."

ಒಳಗೆ ಮಲ್ಲಪ್ಪ ಮಗ್ಗದಲ್ಲಿದ್ದ, ಗೋಡೆಯಾಚೆ. ನಾನು ನಡುಮನೆಯಲ್ಲಿ ನಿಂತು ಹೇಳಬೇಕಾದದ್ದನ್ನು ಹೇಳಿದೆ. ರೋಗ ಹೋಗಿದೆ, ಇವರಿಂದ ಯಾರಿಗೂ ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ. ಸಿದ್ದಮ್ಮ ಪೂರ್ತಿ ಕೇಳಿದಳು.

"ನೀವ್ ಯೋಳದು ದಿಟವೇ ಇರ್ಬೋದು ಕನವ್ವ. ಆದ್ರ ಇಷ್ಟ್ ವರ್ಸ ಎಲ್ಲಿದ್ಲು ಅಂದ್ರ ಬೀದ್ಗ ಏನಂತ ಯೋಳ್ಲಿ?"

"ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೇ ಏನು. ಸೀರೆ ನೋಡ್ದೇಟ್ಗೇ ಗೊತ್ತಾಯ್ತು. ಅಂಚಿಗಂಚು ಕೂಡ್ಸಿ, ಸೆರಗ ಮ್ಯಾಲಕ್ಕ ತಂದು, ಸಾವ್ಕಾರಂಗ ಕೊಡಕ್ಕ ಮಡ್ಸದಂಗ ಮಡ್ಸಿತ್ತು. ಹೊಳ್ಗ ಬೀಳೋಳು ಸೀರೆ ಅಂಗ ಮಡ್ಸಾಳಾ? ನಾನೇ ಅದ ಕೆದರ್ಬುಟ್ಟು ಆಮ್ಯಾಲ ಅತ್ತಿ."

ಚೌಡಮ್ಮ ಗೋಡೆಗೆ ಒರಗಿದಳು. ಮೂಲೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆಯಿಡುವ ಮಣೆ ಇತ್ತು. ಆ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಅಡುಗೆ ಬಡಿಸಿ, ಹೊಸ ಬಟ್ಟೆಯಿಟ್ಟು ಪೂಜೆ ಮಾಡುತ್ತಾರೆ. ಆಕೆ ಅದರ ಕಡೆ ನೋಡಿದಳು.

"ಗೊತ್ತಿದ್ದೂ ನನ್ಗ ಎಡೆ ಇಟ್ರಾ ಅತ್ತೆಮ್ಮ?"

"ಗೊತ್ತಿದ್ದುದಕ್ಕೇ ಇಟ್ಟಿ. ಅಲ್ಲೆಲ್ಲೋ ಉಪಾಸ ಇದ್ದೀಯೇನೋ ಅಂತ."

ಆಗ ಮಗ್ಗದ ಸದ್ದು ನಿಂತಿತು. ಎಲ್ಲರೂ ಗೋಡೆಯ ಕಡೆ ತಿರುಗಿದೆವು. ಆ ಬಾಗಿಲಿನಿಂದ ಯಾರೂ ಬರಲಿಲ್ಲ. ಹಿತ್ತಿಲ ಬಾಗಿಲಿನಿಂದ ಗೌರಿ ಬಂದಳು, ತುಂಬಿದ ಬಸುರಿ, ಒಂದು ಕೈ ಸೊಂಟದ ಮೇಲೆ. ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮೊದಲು ಮುಖ ನೋಡಿದಳು, ಆಮೇಲೆ ಬೆರಳು.

"ಗೌರೀ," ಅಂದಳು ಚೌಡಮ್ಮ.

ಗೌರಿ ನನ್ನನ್ನು ನೋಡಿ ಮಾತಾಡಿದಳು. "ನಮ್ಮವ್ವ ಹೊಳ್ಗ ಬಿದ್ದೋದ್ಲು ಅಂತ ಯೋಳಿ ನನ್ನ ಮದ್ವ ಮಾಡವ್ರೆ. ಅಲ್ಲಿ ನಾದ್ನಿ ಇನ್ನೂ ಮದ್ವ ಇಲ್ದೆ ಅವ್ಳೆ. ಇದು ಗೊತ್ತಾದ್ರ ನನ್ನೂ ಕಳುಸ್ತಾರ, ಇದನ್ನೂ ಕಳುಸ್ತಾರ." ಹೊಟ್ಟೆಯ ಮೇಲೆ ಕೈಯಿಟ್ಟಳು. "ನಮ್ಮವ್ವ ಹೊಳೇಲೇ ಅವ್ಳೆ. ನಿಮ್ಮ ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದಳು. ಆ ಮುಖವನ್ನು ಇಲ್ಲಿ ಬಣ್ಣಿಸುವುದಿಲ್ಲ. ಅವಳು ಕಲ್ಲಲ್ಲ, ಅಷ್ಟು ಹೇಳಬಲ್ಲೆ.  ಹರಡುವುದಿಲ್ಲ ಎಂಬುದನ್ನು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಗೋಡೆಯಾಚೆ ಮಗ್ಗ ಮತ್ತೆ ಶುರುವಾಯಿತು.

ಚೌಡಮ್ಮ ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ನಡಿ ಕೂಸೇ," ಅಂದಳು.

"ತಡಿ," ಎಂದು ಸಿದ್ದಮ್ಮ ಒಳಗೆ ಹೋಗಿ ಒಂದು ಸೀರೆ ತಂದಳು. ಹಸಿರು, ಕೆಂಪಂಚು. "ಓದ ಮಾಲಯಕ್ಕ ಇಟ್ಟುದ್ದು. ಯಾರ್ಗೂ ಉಡಕ್ಕ ಕೊಟ್ಟಿಲ್ಲ. ನಿಂದೇ ತಕ."

ಚೌಡಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಹನೂರಿನ ಬಸ್ಸಿನಲ್ಲಿ ಆಕೆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದಾರಿಯಲ್ಲಿ ಒಂದೇ ಮಾತು ಆಡಿದ್ದು. "ದಡದಾಗ ಅದ ಅಂಗೇ ಬಿಸಾಕನ ಅಂತಿದ್ದಿ ಕನವ್ವ. ಕೈ ಅದ್ರ ಪಾಡ್ಗದು ಮಡ್ಸ್ಬುಡ್ತು." ಆ ರಾತ್ರಿ ನಮ್ಮಿಬ್ಬರನ್ನೂ ಮಾದಪ್ಪನ ಮನೆಯಲ್ಲೇ ಉಳಿಸಿಕೊಂಡರು. ಕೋಳಿ ಎಲ್ಲಿ ಎಂದು ಚೌಡಮ್ಮ ಕೇಳಿದಳು. ಮಾದಪ್ಪ ನೆಲ ನೋಡಿದ. ಅವನ ಮನೆಗೆ ನೆಂಟರು ಬಂದಿದ್ದರು. "ಓಗ್ಲಿ ಬುಡಪ್ಪ," ಅಂದಳು.

ಆಕೆಗೆ ಬೇರೆ ದಾರಿ ಹುಡುಕಲಿಲ್ಲವೇ ಎಂದು ಹುಡುಗಿಯರು ಕೇಳುತ್ತಾರೆ. ಇದ್ದ ದಾರಿಗಳನ್ನೆಲ್ಲ ಆ ರಾತ್ರಿಯೇ ಯೋಚಿಸಿ ನೋಡಿದೆ. ದೂರದ ಊರಿನಲ್ಲಿ ರೋಗಿಗಳನ್ನು ಇಟ್ಟುಕೊಳ್ಳುವ ಒಂದು ಆಶ್ರಮವಿತ್ತು. ವಾಸಿಯಾದವರನ್ನು ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ಮಾದಪ್ಪನ ಮನೆಯ ಮುಂದೆ ಅಷ್ಟರಲ್ಲೇ ಅಕ್ಕಪಕ್ಕದವರು ಸೇರಿ ಆಕೆಯ ಕೈ ನೋಡುತ್ತಿದ್ದರು. ನನ್ನ ಕೋಣೆಗೆ ಬನ್ನಿ ಎಂದು ಕರೆದೆ. "ನಿನ್ಗೂ ಒಂದು ಬೀದಿ ಅದ ಕೂಸೇ," ಅಂದಳು. ವರ್ಷಗಟ್ಟಲೆ ಮಾತ್ರೆ ಹೊತ್ತು ಆ ಬೆಟ್ಟ ಹತ್ತಿದ್ದು ಆಕೆಯನ್ನು ಕೆಳಗೆ ಇಳಿಸಿಕೊಂಡು ಬರುವುದಕ್ಕೆ ಎಂದು ತಿಳಿದಿದ್ದೆ.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಲಿಲ್ಲ. ಮಾದಪ್ಪನಿಂದ ಒಂದು ಕುಡುಗೋಲು, ಹೊಸ ಮಡಕೆ ತೆಗೆದುಕೊಂಡು ಚೌಡಮ್ಮನ ಜೊತೆ ಕಾಡಿಗೆ ಹೋದೆ. ಆಕೆ ಕಿತ್ತೆಸೆದಿದ್ದ ಗಳಗಳು ಬಂಡೆಯ ಪಕ್ಕದಲ್ಲೇ ಬಿದ್ದಿದ್ದವು. ಅವನ್ನು ಎತ್ತಿ ನಿಲ್ಲಿಸಿದೆವು. ನಾನು ಹುಲ್ಲು ಕೊಯ್ದು ತಂದು ಹಾಸಿದೆ, ಆಕೆ ಕಾಡುಬಳ್ಳಿಯ ಹಂಬಿನಿಂದ ಕಟ್ಟಿದಳು. ಬಿಗಿಯಾಯಿತೋ ಇಲ್ಲವೋ ಆಕೆಯ ಬೆರಳಿಗೆ ತಿಳಿಯುತ್ತಿರಲಿಲ್ಲ. ಒಂದೊಂದು ಗಂಟು ಹಾಕಿದಾಗಲೂ, "ನಿಂತದಾ ನೋಡವ್ವ," ಅನ್ನುತ್ತಿದ್ದಳು. ನಾನು ಪ್ರತಿ ಗಂಟಿನ ಮೇಲೂ ಬೆರಳಿಟ್ಟು, ಎಳೆದು ನೋಡಿ, ನಿಂತಿದೆ ಎಂದು ಹೇಳಿದೆ.